ಓಡಿ ಬಾ ಎನ್ನುವ ಗುಂಡಿ

ಶೈಲಶ್ರೀಗೆ ಹೊಟ್ಟೆಕಿಚ್ಚು ಹತ್ತಿದ್ದು ಮಗಳ ನಗು ಕೇಳಿ.

ಸಪ್ನಾ ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ನಿಂತು, ಫೋನಿನಲ್ಲಿ ಯಾರ ಜೊತೆಗೋ ಮರಾಠಿಯಲ್ಲಿ ಮಾತಾಡುತ್ತ ಖೊಳ್ಳೆಂದು ನಗುತ್ತಿದ್ದಳು. ಇಪ್ಪತ್ತು ದಾಟಿದ ಹುಡುಗಿ, ಕಾಲೇಜು ಕಲಿಯುವವಳು, ನಗಲಿ ಪಾಪ. ಶೈಲಶ್ರೀಯ ತಕರಾರು ನಗುವಿನ ಮೇಲಿರಲಿಲ್ಲ. ಆಕೆ ನಗುತ್ತ ಹೇಳುತ್ತಿದ್ದದ್ದು ತನ್ನ ಸಕ್ಕರೆಯ ವಿಷಯ. ಮಧ್ಯಾಹ್ನ ಎಷ್ಟಕ್ಕೆ ಇಳಿಯಿತು, ಇಳಿದಾಗ ನಾಲಿಗೆ ಹೇಗೆ ತೊದಲಿತು, ಪಕ್ಕದಲ್ಲಿ ಕೂತವರು ಹೇಗೆ ಪಿಳಿಪಿಳಿ ನೋಡಿದರು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳುತ್ತಿದ್ದಳು. ಅದೇ ಮಾತನ್ನು ಸ್ವಲ್ಪ ಹೊತ್ತಿನ ಹಿಂದೆ ಹೆತ್ತ ತಾಯಿ ಕೇಳಿದ್ದಕ್ಕೆ ಸಿಕ್ಕ ಉತ್ತರ ಒಂದೇ ಶಬ್ದ: "ಆರಾಮ."

"ಯಾರದು ಫೋನು?" ಎಂದಳು ಶೈಲಶ್ರೀ, ಕೊತ್ತಂಬರಿ ಸೋಸುತ್ತ.

"ಸಾಯಲಿ," ಎಂದಳು ಸಪ್ನಾ. ಅಷ್ಟು ಹೇಳಿ ಒಳಗೆ ಹೋದಳು.

ಸಪ್ನಾಗೆ ಈ ಕಾಯಿಲೆ ಬಂದಾಗ ಆಕೆ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಮೈಯೊಳಗೆ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವ ಬಗೆಯ ಸಕ್ಕರೆ ಕಾಯಿಲೆ. ಉಣ್ಣುವ ಮೊದಲು ಪ್ರತಿ ಸಲ ಸೂಜಿ ಚುಚ್ಚಿಕೊಳ್ಳಬೇಕು. ಸೂಜಿ ಚುಚ್ಚಿಕೊಂಡು ಉಣ್ಣದೆ ಕೂತರೆ ಸಕ್ಕರೆ ಸರ್ರನೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಅಂದಿನಿಂದ ಶೈಲಶ್ರೀ ಮೈಯೆಲ್ಲ ಕಣ್ಣಾಗಿ ಬದುಕಿದವಳು. ಮಗಳು ಕೂದಲನ್ನು ಕಿವಿಯ ಹಿಂದೆ ಸರಿಸುವ ರೀತಿಯಲ್ಲೇ ಸಕ್ಕರೆ ಇಳಿಯುತ್ತಿರುವುದು ಈಕೆಗೆ ತಿಳಿಯುತ್ತಿತ್ತು. ಗಂಡ ಚನ್ನವೀರನಿಗೋ, ಇನ್ಸುಲಿನ್ ಫ್ರಿಜ್ಜಿನ ಯಾವ ಮೂಲೆಯಲ್ಲಿರುತ್ತದೆ ಎಂಬುದೂ ನೆಟ್ಟಗೆ ಗೊತ್ತಿರಲಿಲ್ಲ. ಆತ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಹತ್ತಿರ ಕ್ಲಾರ್ಕು. ಮೈಗೆ ಬೆಲ್ಲದ ವಾಸನೆ ಹತ್ತಿಸಿಕೊಂಡು ಬರುತ್ತಾನೆಂದು ಶೈಲಶ್ರೀ ಬಾಗಿಲಲ್ಲೇ ಅವನ ಅಂಗಿ ಬಿಚ್ಚಿಸುತ್ತಿದ್ದಳು. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ಅವರಿದ್ದ ಕಟ್ಟಡದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ತಮಾಷೆ.

ಆ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಕೆಟ್ಟ ಸುದ್ದಿ ಏನಿದ್ದರೂ ಉಂಡ ಮೇಲೆ ಹೇಳುವುದು. ಶೈಲಶ್ರೀಯ ತವರಿನಿಂದ ಬಂದ ರೂಢಿ ಅದು. ಸಪ್ನಾಳ ಕಾಯಿಲೆ ಬಂದ ಮೇಲೆ ಅದು ಕಾಯಿದೆಯೇ ಆಗಿಬಿಟ್ಟಿತು. ಬೈಲಹೊಂಗಲದಿಂದ ಅತ್ತೆ ಚನ್ನಬಸವ್ವ ತೀರಿಕೊಂಡ ಸುದ್ದಿ ಬಂದಾಗ ಸಪ್ನಾ ಆಗಷ್ಟೇ ಸೂಜಿ ಚುಚ್ಚಿಕೊಂಡು ತಾಟಿನ ಮುಂದೆ ಕೂತಿದ್ದಳು. ಶೈಲಶ್ರೀ ಫೋನು ಕೆಳಗಿಟ್ಟು, ಮುಖದ ಒಂದು ಗೆರೆಯೂ ಅಲುಗದ ಹಾಗೆ, "ಮೊದಲ ಉಂಡು ಏಳು. ಆಮ್ಯಾಲೆ ಒಂದು ಮಾತು ಹೇಳ್ತೀನಿ" ಎಂದಳು. ಸಪ್ನಾ ಅವತ್ತು ಯಾಕೋ ಖುಷಿಯಲ್ಲಿದ್ದಳು. ತಾನು ಆಯಿ ಎಂದು ಕರೆಯುತ್ತಿದ್ದ ಆ ಅಜ್ಜಿ ಹೇಗೆ ಬೈಯುತ್ತಾಳೆಂದು ನಕಲು ಮಾಡಿ ತೋರಿಸುತ್ತ ಚಪಾತಿ ತಿಂದಳು. ಶೈಲಶ್ರೀ ಎದುರಿಗೆ ಕೂತು ನಕ್ಕಳು ಕೂಡ. ತಾಟು ಖಾಲಿಯಾದ ಮೇಲೆ ಹೇಳಿದಳು.

"ಆಯಿ ಸತ್ತು ಮಲಗಿದ್ಲು. ನಾ ಇಲ್ಲಿ ಆಕಿನ್ನ ನಕಲು ಮಾಡಿ ನಗಾಕತ್ತಿದ್ದೆ. ನೀ ನೋಡ್ಕೋತ ಕೂತಿದ್ದಿ," ಎಂದು ಸಪ್ನಾ ಅತ್ತು, ಎಷ್ಟೋ ದಿನ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಶೈಲಶ್ರೀಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಮಗಳು ಅವತ್ತು ಬೀಳಲಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ಇಂಥ ತಾಯಿ ಮಗಳ ನಡುವೆ ಸಾಯಲಿ ಬಂದು ಸೇರಿಕೊಂಡದ್ದು ಹೀಗೆ. ಊರಿನ ಇನ್ನೊಂದು ತುದಿಯ ಹಿಂಜವಾಡಿಯ ಒಂದು ಕಂಪನಿಯವರು ಸಪ್ನಾಳಂಥ ಹುಡುಗ ಹುಡುಗಿಯರಿಗಾಗಿ ಫೋನಿನಲ್ಲಿ ಹಾಕಿಕೊಳ್ಳುವ ಒಂದು ಆ್ಯಪ್ ಮಾಡಲು ಹೊರಟಿದ್ದರು. ಆಸ್ಪತ್ರೆಯ ಡಾಕ್ಟರು, ನೀವು ನೀವೇ ಕೂತು ಮಾಡಿದರೆ ಇವರು ಒಂದು ವಾರ ಇಟ್ಟುಕೊಂಡು ತೆಗೆದು ಹಾಕುತ್ತಾರೆ, ಇವರನ್ನೇ ಕೂರಿಸಿಕೊಂಡು ಮಾಡಿ ಎಂದರಂತೆ. ಹಾಗಾಗಿ ಪ್ರತಿ ಶನಿವಾರ ಕಂಪನಿಯ ಕ್ಯಾಬು ಬರುತ್ತಿತ್ತು. ಸಪ್ನಾ, ಇನ್ನೂ ಐದಾರು ಜನ, ಎಲ್ಲ ಒಂದೇ ವಾರಿಗೆಯವರು, ಹಿಂಜವಾಡಿಯ ಗಾಜಿನ ಕೋಣೆಯಲ್ಲಿ ಕೂತು ಗೋಡೆಗೆ ಬಣ್ಣದ ಚೀಟಿ ಅಂಟಿಸಿ ಬರುತ್ತಿದ್ದರು. ಆ ಗುಂಪನ್ನು ನಡೆಸುವವಳು ಸಾಯಲಿ. ಸಪ್ನಾಗಿಂತ ನಾಲ್ಕೈದು ವರ್ಷ ದೊಡ್ಡವಳು, ಕತ್ತರಿಸಿದ ಕೂದಲು, ಮೂಗಿನಲ್ಲಿ ದೊಡ್ಡ ನತ್ತು. ಸಪ್ನಾಳ ಬಾಯಲ್ಲಿ ಶನಿವಾರದಿಂದ ಶುಕ್ರವಾರದವರೆಗೆ ಅವಳದೇ ಜಪ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಸಾಯಲಿ ಮನೆಗೇ ಬಂದಳು. ಮನೆಯಲ್ಲಿ ಹೇಗೆ ನಡೆಯುತ್ತದೆಂದು ನೋಡಬೇಕಂತೆ. ಮೆಟ್ಟಿಲ ಮೇಲೆ ಬರುವಾಗಲೇ ಕೆಳಮನೆಯ ರಂಗೂಬಾಯಿ ಅವಳನ್ನು ತಡೆದು ಮಜ್ಜಿಗೆ ಕುಡಿಸಿ ಕಳಿಸಿದಳು. ಶೈಲಶ್ರೀಗೆ ಅಲ್ಲಿಂದಲೇ ಸಿಟ್ಟು. ರಂಗೂಬಾಯಿಗೂ ಈಕೆಗೂ ಮಾತು ನಿಂತು ಎರಡು ಬೇಸಿಗೆ ಕಳೆದಿದ್ದವು. ಮೇಲಿನ ಗ್ಯಾಲರಿಯ ಹಸಿ ಸೀರೆ ಕೆಳಗಿನ ಹಪ್ಪಳದ ಮೇಲೆ ತೊಟ್ಟಿಕ್ಕಿತೆಂದು ಶುರುವಾದ ಜಗಳ, ಈಕೆಯ ಊರು, ಆಕೆಯ ಸೊಸೆ, ಎಲ್ಲವನ್ನೂ ಎಳೆದುಕೊಂಡು ಬಂದು ನಿಂತಿತ್ತು. ಸಪ್ನಾ ಮಾತ್ರ ಆಕೆಯನ್ನು ಆಜಿ ಆಜಿ ಎನ್ನುತ್ತ ಹೋಗಿ ಬಂದು ಮಾಡುತ್ತಿದ್ದಳು.

ಶೈಲಶ್ರೀ ಅವಲಕ್ಕಿ ಹಚ್ಚಿ, ಚಹಾ ಇಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು ಕೂತಳು. ಇಷ್ಟು ವರ್ಷ ಮಾಡಿದ್ದನ್ನು ಹೇಳಲು ಒಬ್ಬರಾದರೂ ಕೇಳುವವರು ಬಂದರಲ್ಲ ಎಂದು ಆಕೆಗೆ ಒಳಗೊಳಗೇ ಹಿಗ್ಗು. ಸಾಯಲಿ ಬಂದವಳೇ "ಕಾಕೂ, ಅವಲಕ್ಕಿ ಎಷ್ಟು ಚೆನ್ನಾಗಿದೆ!" ಎಂದು ಮರಾಠಿಯಲ್ಲಿ ಹೊಗಳಿದಳು. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದು, ದೋಸೆ ಹಿಟ್ಟಿನ ಪಕ್ಕದ ಇನ್ಸುಲಿನ್ ಡಬ್ಬಿಯ ಫೋಟೋ ತೆಗೆದುಕೊಂಡಳು. ಆ ಡಬ್ಬಿಗೆ ಬಟ್ಟೆ ಸುತ್ತಿಟ್ಟವಳು ಯಾರೆಂದು ಕೇಳಲಿಲ್ಲ. ಕೇಳಿದ್ದೆಲ್ಲ ಸಪ್ನಾಳನ್ನೇ.

"ಆ ಸ್ವಾರಗೇಟದ ಕಥೆ ಇನ್ನೊಂದು ಸಲ ಹೇಳು," ಎಂದಳು ನಡುವೆ.

ಶೈಲಶ್ರೀಯ ಕಿವಿ ನೆಟ್ಟಗಾಯಿತು. ಸ್ವಾರಗೇಟದ ದಿನವನ್ನು ಆಕೆ ಮರೆತಿರಲಿಲ್ಲ. ಹೋದ ವರ್ಷ ಸಪ್ನಾ ಕಾಲೇಜಿನಿಂದ ಬರುವಾಗ ಬಸ್ಸಿನಲ್ಲೇ ಸಕ್ಕರೆ ಇಳಿದು, ಸ್ವಾರಗೇಟದಲ್ಲಿ ಇಳಿದುಕೊಂಡು ಫೋನು ಮಾಡಿದ್ದಳು. ಶೈಲಶ್ರೀ ಒಲೆಯ ಮೇಲಿನ ಅನ್ನವನ್ನು ಹಾಗೆಯೇ ಬಿಟ್ಟು, ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದೆ, ರಿಕ್ಷಾ ಹಿಡಿದು ಓಡಿದ್ದಳು. ಆಕೆಯ ಮಟ್ಟಿಗೆ ಅದು ತಾಯ್ತನದ ದೊಡ್ಡ ದಿನ.

ಸಪ್ನಾ ಹೇಳಿದ್ದು ಬೇರೆಯೇ ಕಥೆ. "ನಾನು ಕಟ್ಟೆ ಮೇಲೆ ಕೂತು ಲಿಂಬು ಶರಬತ್ತು ಕುಡಿಯುತ್ತಿದ್ದೆ. ಅವ್ವ ಬಂದಳು, ನನ್ನನ್ನು ನೋಡಿದಳು, ಜೋರಾಗಿ ಅತ್ತಳು, ಅಲ್ಲೇ ಧೊಪ್ಪೆಂದು ಬಿದ್ದಳು. ನನ್ನ ಕೈ ನಡುಗುತ್ತಿತ್ತು. ಶರಬತ್ತಿನಲ್ಲಿ ಅರ್ಧ ನಾನು ಕುಡಿದೆ, ಅರ್ಧ ಅವಳಿಗೆ ಕುಡಿಸಿದೆ. ಜನ ಯಾರಿಗೆ ಗಾಳಿ ಹಾಕಬೇಕೆಂದು ತಿಳಿಯದೆ ಇಬ್ಬರಿಗೂ ಹಾಕಿದರು." ಇಬ್ಬರೂ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಯಲಿ ನಗುತ್ತಲೇ ಏನೋ ಬರೆದುಕೊಂಡಳು.

ಶೈಲಶ್ರೀಯೂ ನಗಬೇಕಾಯಿತು. ನಕ್ಕು ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ನಾಲ್ಕು ಶನಿವಾರ ಕಂಡವಳಿಗೆ ಮಗಳು ಮನಸ್ಸು ಬಿಚ್ಚುತ್ತಾಳೆ. ತನಗೆ ಆರಾಮ ಎನ್ನುವ ಒಂದು ಶಬ್ದ ಎಸೆದು ಬಾಗಿಲು ಹಾಕಿಕೊಳ್ಳುತ್ತಾಳೆ. ತನ್ನ ಕಣ್ಣೀರು ಹಿಂಜವಾಡಿಯ ಗೋಡೆಯ ಮೇಲೆ ಒಂದು ಹಳದಿ ಚೀಟಿಯಾಗಿ ಅಂಟಿಕೊಂಡಿದೆ ಎಂದು ಆಕೆಗೆ ಕಣ್ಣಿಗೆ ಕಟ್ಟಿದಂತಾಯಿತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಸಪ್ನಾ, ಆ್ಯಪ್ ತಯಾರಾಗಿದೆ, ಈಗ ನಾವೇ ನಮ್ಮ ಫೋನಿನಲ್ಲಿ ಹಾಕಿಕೊಂಡು ಪರೀಕ್ಷೆ ಮಾಡುತ್ತಿದ್ದೇವೆ ಎಂದಳು. ಫೋನು ಎತ್ತಿ ತೋರಿಸಿದಳು. ಬೀಗ ಹಾಕಿದ ಫೋನಿನ ಮುಖದ ಮೇಲೇ ಕೇಸರಿ ಬಣ್ಣದ ದೊಡ್ಡ ಗುಂಡಿ. ಅದರ ಮೇಲೆ ಕನ್ನಡದಲ್ಲಿ "ಓಡಿ ಬಾ" ಎಂದು ಬರೆದಿತ್ತು. ಅವರವರಿಗೆ ಬೇಕಾದ ಶಬ್ದ ಅವರವರೇ ಬರೆದುಕೊಳ್ಳಬಹುದಂತೆ.

"ಬೀಗ ತಗೀದೆ ಒತ್ತಬಹುದು," ಎಂದಳು ಸಪ್ನಾ, ಹೆಮ್ಮೆಯಿಂದ. "ಇದಕ್ಕ ನಾ ಭಾಳ ಜಗಳಾ ಆಡೀನಿ. ಕಂಪನಿಯವರು ಬ್ಯಾಡ ಅಂದ್ರು, ಯಾರರೆ ಸುಮ್ಮನ ಒತ್ತಿಬಿಡ್ತಾರ ಅಂತ. ಸಕ್ಕರಿ ಇಳಿದಾಗ ಕೈ ನಡಗತಾವ, ನಂಬರ್ ಒತ್ತಾಕ ಆಗೂದಿಲ್ಲ ಅಂತ ನಾವೆಲ್ಲಾ ಹಟ ಹಿಡದ್ವಿ. ಒತ್ತಿ ಹಿಡದ್ರ ನಾವು ಹೆಸರು ಹಾಕಿದವರಿಗೆ ಫೋನ್ ಹೋಗ್ತದ, ಒಬ್ಬರಾದ ಮ್ಯಾಲೆ ಒಬ್ಬರಿಗೆ."

ಚನ್ನವೀರ "ಛಲೋ ಆತು" ಎಂದು ಸಾರು ಸುರಿದುಕೊಂಡ.

"ಯಾರ ಹೆಸರು ಮೊದಲ ಹಾಕೀದಿ?" ಎಂದಳು ಶೈಲಶ್ರೀ.

ಸಪ್ನಾ ತಾಟು ನೋಡಿದಳು. "ಅದು ಪ್ರೈವೇಟ್ ಇರ್ತದ ಅವ್ವಾ. ಯಾರಿಗೂ ತೋರಿಸಬಾರದು ಅಂತ ನಾವೇ ಮಾತಾಡಿ ಮಾಡೀವಿ."

ಪ್ರೈವೇಟ್! ಮಗಳ ಬೆರಳ ತುದಿಗಳಲ್ಲಿ ಎಷ್ಟು ಸೂಜಿಯ ಕಲೆ ಇವೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ತಾಯಿಗೆ ಪ್ರೈವೇಟ್. ಆಕೆಗೆ ಆ ಕ್ಷಣದಿಂದ ಬೇರೆ ಯೋಚನೆ ಇಲ್ಲವಾಯಿತು. ಮೊದಲ ಹೆಸರು ಯಾರದು? ತನ್ನದಿದ್ದರೆ ಹೇಳುವುದಕ್ಕೆ ಏನು ದಾಡಿ? ಹಾಗಾದರೆ ತನ್ನದಲ್ಲ. ಸಾಯಲಿಯದೇ, ಅನುಮಾನವೇ ಬೇಡ.

"ನಿನ್ನ ಹೆಸರು ಅದರಾಗ ಇದ್ದೇ ಇರ್ತದ, ಸುಮ್ನ ಮಕ್ಕೋ," ಎಂದ ಚನ್ನವೀರ ರಾತ್ರಿ ಹಾಸಿಗೆಯಲ್ಲಿ, ಆಚೆ ಮಗ್ಗುಲಾಗಿ. ಅವನಿಗೆ ಏನೋ ಗೊತ್ತಿದೆ ಎಂದು ಶೈಲಶ್ರೀಗೆ ಹೊಳೆಯಲಿಲ್ಲ. ಗಂಡನಿಗೆ ಏನಾದರೂ ಗೊತ್ತಿರಬಹುದು ಎಂಬುದು ಆಕೆಗೆ ಯಾವತ್ತೂ ಹೊಳೆದದ್ದಿಲ್ಲ.

ಮರುದಿನ ಓಣಿಯ ಮೂಲೆಯ ಔಷಧದ ಅಂಗಡಿಗೆ ಹೋದಳು. ಅಂಗಡಿಯ ಸಿದ್ದಾರೂಢ ಹುಬ್ಬಳ್ಳಿ ಕಡೆಯವನು, ಸಪ್ನಾಗೆ ಸೂಜಿ, ಇನ್ಸುಲಿನ್ ಎಲ್ಲ ಅವನಲ್ಲೇ. ತನ್ನ ಬಿ.ಪಿ. ಗುಳಿಗೆ ತೆಗೆದುಕೊಂಡು, ಹೊರಡುವ ಹಾಗೆ ಮಾಡಿ ತಿರುಗಿ, "ಸಪ್ನಾನ ಫೋನಿನ್ಯಾಗ ಏನೋ ಹೊಸಾದು ಬಂದದಲ್ಲ, ನಿನಗ ಗೊತ್ತದೇನು ಸಿದ್ದು?" ಎಂದಳು.

ಸಿದ್ದಾರೂಢ ನೆಟ್ಟಗೇ ಇದ್ದ ಡಬ್ಬಿಗಳನ್ನು ನೆಟ್ಟಗೆ ಮಾಡತೊಡಗಿದ. "ನನಗೇನ ಗೊತ್ತಿಲ್ರಿ ಅಕ್ಕಾರ. ನೀವು ಆಕಿನ್ನೇ ಕೇಳ್ರಿ."

ಇವನಿಗೂ ಗೊತ್ತಿದೆ! ಶೈಲಶ್ರೀ ಮನೆಗೆ ಬರುವ ದಾರಿಯುದ್ದಕ್ಕೂ ಕುದಿದಳು. ಔಷಧ ಮಾರುವವನಿಗೆ ಗೊತ್ತು, ಹಿಂಜವಾಡಿಗೆ ಗೊತ್ತು, ಗೊತ್ತಿಲ್ಲದವಳು ತಾನೊಬ್ಬಳೇ. ಆ ವಾರ ಪೂರ್ತಿ ಸಪ್ನಾಳ ಬೆನ್ನ ಹಿಂದೆ ನಿಂತು ಫೋನಿನಲ್ಲಿ ಇಣುಕುವುದು, ಆಕೆ ತಿರುಗಿದರೆ ಕಪಾಟು ಒರೆಸುವುದು, ಇದೇ ಕೆಲಸವಾಯಿತು. ಮನೆಯ ಕಪಾಟುಗಳು ಅಷ್ಟು ಚೊಕ್ಕ ಎಂದೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಚನ್ನವೀರ ಕಾಯಿಪಲ್ಲೆ ತರಲು ಹೋದ. ಸಪ್ನಾ ತಲೆಗೆ ಎಣ್ಣೆ ಹಚ್ಚಿಕೊಂಡು, ನಾಷ್ಟಾ ಸ್ನಾನ ಆದ ಮೇಲೆ ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನು ಊಟದ ಟೇಬಲ್ಲಿನ ಮೇಲೆ ಚಾರ್ಜಿಗೆ ಇತ್ತು. ಉಪ್ಪಿಟ್ಟು ಮುಚ್ಚಿಟ್ಟು ಶೈಲಶ್ರೀ ಕೈ ಒರೆಸಿಕೊಳ್ಳುತ್ತ ಅದರ ಮುಂದೆ ಬಂದು ನಿಂತಳು. ಕೇಸರಿ ಗುಂಡಿ ಕರೆದ ಹಾಗೆ ಕಾಣಿಸಿತು.

ಒತ್ತಿದರೆ ತಿಳಿದೇ ಬಿಡುತ್ತದೆ. ತನ್ನ ಫೋನು ಮೊದಲು ಬಡಿದರೆ ಮುಗಿಯಿತು, ಆಕೆ ಬರುವಷ್ಟರಲ್ಲಿ ಬಂದ್ ಮಾಡಿದರಾಯಿತು. ಬಡಿಯದಿದ್ದರೆ? ಬಡಿಯದಿದ್ದರೆ ಮುಂದೆ ನೋಡಿಕೊಳ್ಳೋಣ. ಕಂಪನಿಯವರು ಯಾರಾದರೂ ಸುಮ್ಮನೆ ಒತ್ತಿಬಿಡುತ್ತಾರೆ ಎಂದು ಹೆದರಿದ್ದು ಸುಳ್ಳಾಗಲಿಲ್ಲ. ಆ ಯಾರಾದರೂ ಹುಡುಗಿಯ ಸ್ವಂತ ಅವ್ವನೇ ಆಗಿರುತ್ತಾಳೆಂದು ಅವರಿಗೆ ತೋಚಿರಲಿಕ್ಕಿಲ್ಲ.

ಶೈಲಶ್ರೀ ತನ್ನ ಫೋನನ್ನು ಪಕ್ಕದಲ್ಲಿಟ್ಟುಕೊಂಡು, ಬಚ್ಚಲಿನಿಂದ ನೀರಿನ ಸದ್ದು ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡು, ಗುಂಡಿ ಒತ್ತಿ ಹಿಡಿದಳು. ಸಪ್ನಾಳ ಫೋನು ಗುರ್ರೆಂದು ನಡುಗಿತು. ಈಕೆಯ ಫೋನು ಕಪ್ಪಗೆ ಬಿದ್ದುಕೊಂಡಿತ್ತು. ಆಕೆ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಎತ್ತಿ ಆವಾಜು ಚಾಲೂ ಇದೆಯೋ ಎಂದು ನೋಡಿದಳು. ಚಾಲೂ ಇತ್ತು. ಸದ್ದಿಲ್ಲ.

ಕೆಳಗೆ ಯಾವುದೋ ಬಾಗಿಲು ಧಡಾರನೆ ತೆರೆಯಿತು.

ಅಷ್ಟರಲ್ಲಿ ಕೊನೆಗೂ ಈಕೆಯ ಫೋನು ಬಡಿಯಿತು. ಶೈಲಶ್ರೀಯ ಎದೆ ಅರಳಿತು. ಬಾಚಿ ಕಿವಿಗಿಟ್ಟುಕೊಂಡಳು.

"ಶೈಲಾ, ಸಪ್ನಾಗ ಏನಾತು?" ಚನ್ನವೀರನ ದನಿ. "ನನಗ ಆಕಿ ಆ್ಯಪಿಂದ ಫೋನ್ ಬಂತು. ಉಳಿದವರು ಬಂದ್ರೇನು? ನೀ ಗಾಬರಿ ಆಗಬ್ಯಾಡ, ನಾ ಓಡಿ ಬರಾಕತ್ತೀನಿ."

ಗಂಡನಿಗೆ! ಇನ್ಸುಲಿನ್ ಫ್ರಿಜ್ಜಿನ ಯಾವ ಮೂಲೆಯಲ್ಲಿದೆ ಎಂದು ಗೊತ್ತಿಲ್ಲದ ಗಂಡನಿಗೂ ಫೋನು ಬಂತು. ಉಳಿದವರಂತೆ. ಯಾರು ಆ ಉಳಿದವರು ಎಂದು ಕೇಳುವ ಮೊದಲೇ ಮೆಟ್ಟಿಲ ಮೇಲೆ ಕೋಲಿನ ಟಕಟಕ ಸದ್ದು, ಏದುಸಿರು. ಬಾಗಿಲು ತಳ್ಳಿಕೊಂಡು ರಂಗೂಬಾಯಿ ಒಳಗೆ ಬಂದಳು. ಮೊಣಕಾಲು ನೋವೆಂದು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಮುದುಕಿ. ಒಂದು ಕೈಯಲ್ಲಿ ಕೋಲು, ಇನ್ನೊಂದು ಮುಷ್ಟಿಯ ತುಂಬ ಸಕ್ಕರೆ. ಅರ್ಧ ಸಕ್ಕರೆ ಮೆಟ್ಟಿಲ ಮೇಲೆಲ್ಲ ಚೆಲ್ಲಿತ್ತು. ಶೈಲಶ್ರೀಯ ಕಡೆ ನೋಡಲೂ ಇಲ್ಲ. ನೀರಿನ ಸದ್ದು ಕೇಳಿ ನೆಟ್ಟಗೆ ಬಚ್ಚಲಿಗೆ ಹೋಗಿ ಕೋಲಿನಿಂದ ಬಾಗಿಲು ಬಡಿದಳು.

"ಸಪ್ನಾ! ದಾರ ಉಘಡ! ಬಾಗಿಲು ತೆಗೆ ಮಗಾ!" ಮರಾಠಿ ಕನ್ನಡ ಎರಡೂ ಒಟ್ಟಿಗೆ ಹೊರಬಿದ್ದವು.

"ಆಜಿ? ಏನಾತು?" ಒಳಗಿನಿಂದ ಸಪ್ನಾಳ ಗಾಬರಿಯ ದನಿ.

ಸಿದ್ದಾರೂಢ ಬಂದದ್ದು ಆಗಲೇ. ಅಂಗಡಿಯ ಶಟರ್ ಅರ್ಧ ಎಳೆದು ಬಂದಿದ್ದ. ಕೈಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ, ಅದನ್ನು ಹಲ್ಲಿನಿಂದಲೇ ಹರಿಯುತ್ತಿದ್ದ. "ಎಲ್ಲಿದಾಳ್ರಿ ಅಕ್ಕಾರ? ಎಚ್ಚರ ಅದಾಳೇನು?"

ಶೈಲಶ್ರೀ ಟೇಬಲ್ಲಿನ ಪಕ್ಕ ನಿಂತೇ ಇದ್ದಳು. ಕೆಳಮನೆಯ ರಂಗೂಬಾಯಿ ಮೊದಲು. ಆಮೇಲೆ ಔಷಧದವನು. ಆಮೇಲೆ ಗಂಡ. ಲೋಕವೇ ಓಡಿ ಬಂದಿತ್ತು. ಯಾರೂ ಕರೆಯದೆ ಇದ್ದವಳು ಆ ಮನೆಯಲ್ಲೇ ಇದ್ದಳು. ಹೊಟ್ಟೆಕಿಚ್ಚು ಮುರಿದು ಅಳುವಾಗುವ ಹೊತ್ತಿಗೆ ಬಚ್ಚಲಿನ ಬಾಗಿಲು ತೆರೆಯಿತು. ಸಪ್ನಾ ಮೈಗೆ ಗೌನು ಸುತ್ತಿಕೊಂಡು, ತಲೆಯ ತುಂಬ ಸೀಗೆಪುಡಿಯ ನೊರೆಯಲ್ಲಿ, ಎದುರಿಗೆ ಇಷ್ಟು ಜನರನ್ನು ನೋಡಿ ದಂಗಾಗಿ ನಿಂತಳು. ರಂಗೂಬಾಯಿ ಕೇಳದೆ ಹೇಳದೆ ಆಕೆಯ ಬಾಯಿಗೆ ಸಕ್ಕರೆ ತುರುಕಲು ಹೋದಳು.

"ಆರಾಮ ಇದ್ದೀನಿ ಆಜಿ, ಖರೇನ ಆರಾಮ ಇದ್ದೀನಿ! ನಾ ಒತ್ತಿಲ್ಲ." ಅಷ್ಟು ಹೇಳಿ ಸಪ್ನಾ ಟೇಬಲ್ಲಿನ ಕಡೆ ನೋಡಿದಳು. ಆಮೇಲೆ ತಾಯಿಯ ಕಡೆ. ತಿಳಿದು ಹೋಯಿತು.

ರಂಗೂಬಾಯಿ ಕುರ್ಚಿಯ ಮೇಲೆ ಕುಸಿದು ಮೊಣಕಾಲು ನೀವಿಕೊಳ್ಳತೊಡಗಿದಳು. ಆಕೆಯ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. ಆ ಉಸಿರಿನ ಸದ್ದನ್ನು ಶೈಲಶ್ರೀಗೆ ತಡೆಯಲಾಗಲಿಲ್ಲ.

"ನಾನೇ ಒತ್ತಿದೆ," ಎಂದಳು ಮರಾಠಿಯಲ್ಲಿ, ಎರಡು ಬೇಸಿಗೆಗಳ ನಂತರ ರಂಗೂಬಾಯಿಗೆ ಆಡಿದ ಮೊದಲ ಮಾತು ಅದು. "ಯಾರು ಬರುತ್ತಾರೆ ಎಂದು ನೋಡುವುದಕ್ಕೆ."

ರಂಗೂಬಾಯಿ ಆಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೈಗುಳದ ಸುರಿಮಳೆಗೆ ಶೈಲಶ್ರೀ ತಲೆ ತಗ್ಗಿಸಿದಳು. ಮುದುಕಿ ಕೋಲೂರಿ ಎದ್ದು ಬಂದು, ಉಳಿದ ಸಕ್ಕರೆಯನ್ನು ಈಕೆಯ ಅಂಗೈ ಬಿಡಿಸಿ ಸುರಿದಳು. "ತೂಚ್ ಖಾ," ಎಂದಳು, ನೀನೇ ತಿನ್ನು. ಮುಖ ಇಳಿದದ್ದು ನಿನ್ನದು.

ಸಿದ್ದಾರೂಢ ಮುದುಕಿಯನ್ನು ಕೈಹಿಡಿದು ಇಳಿಸಿಕೊಂಡು ಹೋದ. ಹೋಗುವಾಗ "ಅಕ್ಕಾರ, ಸಪ್ನಾನೇ ಹೇಳಬ್ಯಾಡ ಅಂದಿದ್ಲರಿ" ಎಂದು ಪಿಸುಗುಟ್ಟಿದ. ಸಪ್ನಾ ಅಪ್ಪನಿಗೆ ಫೋನು ಮಾಡಿ, ಏನೂ ಇಲ್ಲ, ನಿಧಾನಕ್ಕೆ ಬಾ ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ಆಜಿ ಬಿದ್ದಿದ್ರ? ಸುಳ್ಳೇ ಗಂಟಿ ಬಾರಿಸಿದ್ರ ನಾಳೆ ನಾ ಖರೇನ ಬಿದ್ದಾಗ ಇವರು ಬರ್ತಾರೇನು?"

"ನನ್ನನ್ನ ಯಾಕ ಕರೀಲಿಲ್ಲ, ಅದನ್ನ ಹೇಳು ಮೊದಲ," ಎಂದಳು ಶೈಲಶ್ರೀ. ಅಳು ಒತ್ತರಿಸಿ ಬಂತು. "ಇಷ್ಟು ವರ್ಷ ನಿನ್ನ ಬೆನ್ನಿಗೆ ಬಿದ್ದು ಜೋಪಾನ ಮಾಡೀನಿ. ಹಪ್ಪಳಕ್ಕ ಜಗಳಾ ಆಡಿದ ಮುದುಕಿ ಮೊದಲ, ಗುಳಿಗಿ ಮಾರಾವ ಆಮ್ಯಾಲೆ, ನಿಮ್ಮಪ್ಪ ಸೈತ! ನಾನೇನು ಸತ್ತು ಹೋಗೀನೇನು? ನನಗ ಹೊಟ್ಟಿ ಉರೀತದ ಸಪ್ನಾ. ಭಾಳ ಉರೀತದ."

ಸಪ್ನಾಳ ಸಿಟ್ಟು ಒಮ್ಮೆಲೆ ಇಳಿಯಲಿಲ್ಲ. ಹಣೆಗೆ ಜಾರಿದ ನೊರೆ ಒರೆಸಿಕೊಂಡಳು. "ಹೋದ ಚಳಿಗಾಲದಾಗ ಮೆಟ್ಟಿಲ ಮ್ಯಾಲೆ ಕುಸದಿದ್ದೆ. ನೀ ಇಲ್ಲೇ ಮ್ಯಾಲೆ ಅಡಗಿ ಮಾಡಾಕತ್ತಿದ್ದಿ. ಆಜಿ ಬಾಯಿಗೆ ಸಕ್ಕರಿ ಹಾಕಿದ್ರು, ಒಂದು ಮಾತು ಕೇಳಲಿಲ್ಲ. ನಾ ಆರಾಮಾದ ಮ್ಯಾಲೆ ಬೈದ್ರು." ಗೌನು ಬಿಗಿದುಕೊಂಡಳು. "ನೀ ಬಂದ್ರ ನಾ ನಿನ್ನ ನೋಡಬೇಕಾಗ್ತದ ಅವ್ವಾ. ಸಕ್ಕರಿ ಇಳಿದಾಗ ನನ್ನಾಗ ಒಬ್ಬಾಕಿನ್ನ ನೋಡ್ಕೊಳ್ಳೂವಷ್ಟೇ ಜೀವ ಇರ್ತದ."

ಸ್ವಾರಗೇಟದ ಅರ್ಧ ಲೋಟ ಶರಬತ್ತು ಶೈಲಶ್ರೀಯ ಕಣ್ಣ ಮುಂದೆ ಬಂತು. ಇಷ್ಟು ದಿನ ಆಕೆ ನೆನೆಸಿಕೊಂಡದ್ದೆಲ್ಲ ತಾನು ಓಡಿದ್ದನ್ನು. ಮಗಳು ನಡುಗುವ ಕೈಯಿಂದ ಲೋಟವನ್ನು ತನ್ನ ಬಾಯಿಗೆ ಹಿಡಿದದ್ದನ್ನು ಈಗ ನೆನೆಸಿಕೊಂಡಳು. ಮೈಯೆಲ್ಲ ನಾಚಿಕೆಯಾಯಿತು. ಆದರೂ ಹೊಟ್ಟೆಯ ಉರಿ ಪೂರ್ತಿ ಆರಲಿಲ್ಲ, ಸುಳ್ಳು ಯಾಕೆ ಹೇಳಬೇಕು.

"ಅಂದ್ರ ನನ್ನ ಹೆಸರು ಅದರಾಗ ಇಲ್ಲೇ ಇಲ್ಲ."

"ಅದ," ಎಂದು ಸಪ್ನಾ ತನ್ನ ಫೋನು ಎತ್ತಿಕೊಂಡಳು. ಅದರಲ್ಲಿ "ಆರಾಮ" ಎಂದು ಬರೆದ ಇನ್ನೊಂದು ಗುಂಡಿಯಿತ್ತು, ಎಲ್ಲ ಸರಿಹೋದ ಮೇಲೆ ಒತ್ತುವುದು. ಅದನ್ನು ಒತ್ತಿ, ತಲೆ ತೊಳೆದುಕೊಳ್ಳಲು ಮತ್ತೆ ಬಚ್ಚಲಿಗೆ ಹೋದಳು.

ಟೇಬಲ್ಲಿನ ಮೇಲಿನ ಶೈಲಶ್ರೀಯ ಫೋನು ಟಿಣ್ ಎಂದಿತು. ಆಕೆ ಸಕ್ಕರೆಯ ಕೈ ಸೀರೆಗೆ ಒರೆಸಿಕೊಂಡು ನೋಡಿದಳು. ಕೇಸರಿ ಬಣ್ಣದ ಒಂದು ಚೌಕ. ಅದರಲ್ಲಿ ಏನಾಯ್ತು, ಎಲ್ಲಿ ಆಯ್ತು, ಏನೂ ಇಲ್ಲ. ಒಂದೇ ಪ್ರಶ್ನೆ: "ಅವ್ವಾ, ಊಟ ಆತ?" ಕೆಳಗೆ ಎರಡು ಗುಂಡಿ. "ಆತು." "ಇನ್ನಾ ಇಲ್ಲ."

ಆಕೆ ಬೆಳಗಿನಿಂದ ಬರೀ ಚಹಾದ ಮೇಲಿದ್ದಳು. ಮಗಳು ತಿನ್ನದೆ ತಾನು ತಿನ್ನುವುದು ಆಕೆಗೆ ಗೊತ್ತೇ ಇರಲಿಲ್ಲ. "ಇನ್ನಾ ಇಲ್ಲ" ಒತ್ತಿದಳು. ಫೋನಿನೊಳಗಿಂದ ಸಪ್ನಾಳ ದನಿ ಬಂತು, ಮೊದಲೇ ಹೇಳಿ ತುಂಬಿಸಿಟ್ಟದ್ದು, ಒಂದು ಗೆರೆಯೂ ಅಲುಗದ ಶಾಂತ ದನಿ.

"ಮೊದಲ ಉಂಡು ಏಳು. ಆಮ್ಯಾಲೆ ಒಂದು ಮಾತು ಹೇಳ್ತೀನಿ."

ಶೈಲಶ್ರೀ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಅದು ಆಕೆಯದೇ ಮಾತು. ಚನ್ನಬಸವ್ವ ತೀರಿಕೊಂಡ ದಿನದ ಮಾತು, ಶಬ್ದ ಶಬ್ದವೂ ಹಾಗೆಯೇ. ಆ ಮಾತಿಗೆ ಮಗಳು ಎಷ್ಟೋ ದಿನ ಮುಖ ತಿರುಗಿಸಿದ್ದಳು. ಈಗ ಅದನ್ನೇ ಎತ್ತಿಟ್ಟುಕೊಂಡು ತನಗೇ ಬಡಿಸಿದ್ದಾಳೆ. ಇದು ಸೇಡೋ ಪ್ರೀತಿಯೋ ಎಂದು ಕೇಳಿದರೆ ಶೈಲಶ್ರೀಗೆ ಹೇಳಲು ಬರುತ್ತಿರಲಿಲ್ಲ. ಅವತ್ತು ತಾನು ಮಾಡಿದ್ದು ಏನೆಂದು ಕೇಳಿದ್ದರೂ ಹೇಳಲು ಬರುತ್ತಿರಲಿಲ್ಲ.

ಸಪ್ನಾ ತಲೆಗೆ ಟವೆಲ್ ಸುತ್ತಿಕೊಂಡು ಬಂದು, ಸೂಜಿ ಚುಚ್ಚಿಕೊಂಡು, ಎರಡು ತಾಟಿಗೆ ಉಪ್ಪಿಟ್ಟು ಹಾಕಿದಳು. ಇಬ್ಬರೂ ಎದುರು ಬದುರು ಕೂತರು.

"ಈ ಊಟದ ಪ್ರಶ್ನೆ ಎಲ್ಲಾರಿಗೂ ಹೋಗ್ತದೇನು?" ಎಂದಳು ಶೈಲಶ್ರೀ, ತಾಟು ನೋಡುತ್ತ.

"ಇಲ್ಲ. ನಿನಗಷ್ಟ. ಇದಕ್ಕೂ ಜಗಳಾ ಆಡೀನಿ ಅಲ್ಲಿ."

"ನಿಮ್ಮಪ್ಪಗ?"

"ಇಲ್ಲ."

"ರಂಗೂಬಾಯಿಗೆ?"

"ಅವ್ವಾ! ಆಜಿಗೆ ಯಾಕ?"

"ಮತ್ತ ಆ ಸಾಯಲಿಗೆ?"

ಸಪ್ನಾ ಚಮಚ ಕೆಳಗಿಟ್ಟು ತಾಯಿಯ ಮುಖ ನೋಡಿದಳು. "ಸಾಯಲಿ ಹೆಸರೇ ಅದರಾಗ ಇಲ್ಲ. ಆಕಿ ಇರೂದು ಹಿಂಜವಾಡ್ಯಾಗ. ಅಲ್ಲಿಂದ ಬರೂತನಾ ನಾ ಉಳಿಯೂದು ಹ್ಯಾಂಗ?"

ಶೈಲಶ್ರೀ ಉಪ್ಪಿಟ್ಟು ತಿಂದಳು. ಎಲ್ಲರೂ ಬಂದು ಹೋದ ಮೇಲೆ, ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ ತಿಳಿಯುವವಳು ತಾನು. ಆ ನೋವು ನೋವೇ. ಆದರೆ ಉಂಡೆಯಾ ಎಂದು ಕೇಳಿಸಿಕೊಳ್ಳುವವಳು ಊರಲ್ಲೆಲ್ಲ ತಾನೊಬ್ಬಳೇ. ಚನ್ನವೀರ ಕಾಯಿಪಲ್ಲೆಯ ಚೀಲ ಹಿಡಿದು ಬಂದಾಗ ಆಕೆ ಎಂದಿಲ್ಲದ ಗತ್ತಿನಲ್ಲಿ ಅವನನ್ನು ನೋಡಿದಳು. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಸಪ್ನಾ ಒಂದು ಬಟ್ಟಲು ಉಪ್ಪಿಟ್ಟು ತೆಗೆದುಕೊಂಡು ಕೆಳಗೆ ರಂಗೂಬಾಯಿಯ ಮನೆಗೆ ಹೋದಳು. ಬಟ್ಟಲು ತುಂಬಿ ಕೊಟ್ಟವಳು ಶೈಲಶ್ರೀಯೇ. ಮೇಲೆ ಲಿಂಬೆಹಣ್ಣಿನ ಹೋಳನ್ನೂ ಇಟ್ಟಿದ್ದಳು.

ತಾಟು ಎತ್ತಿಟ್ಟು ಬಂದು ಆಕೆ ಮತ್ತೆ ಫೋನಿನ ಮುಂದೆ ಕೂತಳು. ಕೇಸರಿ ಚೌಕ ಇನ್ನೂ ಹಾಗೆಯೇ ಕಾಯುತ್ತಿತ್ತು. "ಆತು" ಎಂದು ಒತ್ತಿದರೆ ಏನಾಯಿತೆಂಬ ಸುದ್ದಿ ಬಿಚ್ಚಿಕೊಳ್ಳುತ್ತದೆ, ಪ್ರಶ್ನೆ ಮುಗಿದು ಹೋಗುತ್ತದೆ. ಹೊಟ್ಟೆ ತುಂಬಿತ್ತು. ಶೈಲಶ್ರೀ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಇನ್ನಾ ಇಲ್ಲ" ಎಂದು ಒತ್ತಿ ಫೋನನ್ನು ಕಿವಿಗೆ ಹಿಡಿದಳು.